ಜಿಲ್ಲೆಯಲ್ಲಿ ಗೆಲ್ಲುವ ಶಟಲ್ ಮಕ್ಕಳಿಗೆ ರಾಜ್ಯ ಟೂರ್ನಿಯಲ್ಲಿ ಕೈ ಬಿಗಿಯುವುದೇಕೆ?

ತಾಲ್ಲೂಕು_ಕೋಚ್

ಪ್ರಶ್ನೆ ಬ್ಯಾಡ್ಮಿಂಟನ್‌ದು. 13 ಮತ್ತು 15 ವರ್ಷದೊಳಗಿನ ಸಿಂಗಲ್ಸ್ ಮಕ್ಕಳ ಬಗ್ಗೆ.

ಜಿಲ್ಲಾ ಟೂರ್ನಿಯಲ್ಲಿ ಸೆಮಿಫೈನಲ್ ತನಕ ಸಲೀಸಾಗಿ ಹೋಗುವ ಮಕ್ಕಳು ರಾಜ್ಯ ಮಟ್ಟದ ಟೂರ್ನಿಯಲ್ಲಿ ಮೊದಲ ಸುತ್ತಿನಲ್ಲೇ 9-21, 7-21 ಅಂತ ಸೋತು ಬರುತ್ತಾರೆ. ಎದುರಾಳಿ ಬಲಶಾಲಿ ಇರಬಹುದು, ಸೋಲಲಿ. ಆದರೆ ಸೋಲುವ ರೀತಿ ನೋಡಿ: ಶಾರ್ಟ್ ಸರ್ವ್ ನೆಟ್‌ಗೆ, ಟಾಸ್ (ಎದುರಾಳಿಯ ಹಿಂಗೆರೆಯ ತನಕ ಎತ್ತರಕ್ಕೆ ಹೊಡೆಯುವ ಹೊಡೆತ) ಅರ್ಧ ಕೋರ್ಟಿಗೇ ಬಿದ್ದು ಸ್ಮ್ಯಾಶ್‌ಗೆ ಆಹ್ವಾನ, ಕಾಲು ನೆಲಕ್ಕೆ ಅಂಟಿದ ಹಾಗೆ. ಪ್ರಾಕ್ಟೀಸಿನಲ್ಲಿ ಇದೇ ಹೊಡೆತಗಳು ಕಣ್ಣು ಮುಚ್ಚಿ ಹೊಡೆದರೂ ಬೀಳುತ್ತವೆ.

"ಭಯ ಬೇಡ, ಆರಾಮಾಗಿ ಆಡು" ಅನ್ನೋದು ಕೆಲಸಕ್ಕೆ ಬರಲ್ಲ ಅಂತ ಗೊತ್ತಾಗಿದೆ. ಅದರ ಬದಲು ಏನು ಹೇಳಬೇಕು, ಏನು ಮಾಡಿಸಬೇಕು? ದಯವಿಟ್ಟು ಅಳತೆ, ಲೆಕ್ಕ ಸಮೇತ ಬರೆಯಿರಿ. "ಆತ್ಮವಿಶ್ವಾಸ ಬೆಳೆಸಿ" ಅನ್ನುವ ಸಲಹೆ ಬೇಡ.

ಬೇಸ್‌ಲೈನ್

ಮೊದಲು ಒಂದು ವಿಂಗಡಣೆ ಮಾಡಿಕೊಳ್ಳಿ. ಮೇಲಿನ ಮಟ್ಟಕ್ಕೆ ಹೋದಾಗ "ಹೆದರಿಕೆ" ಅಂತ ನಾವು ಹೆಸರಿಡುವುದರಲ್ಲಿ ಅರ್ಧಕ್ಕರ್ಧ ಹೆದರಿಕೆಯೇ ಅಲ್ಲ, ಅಪರಿಚಿತತೆ. ಅದನ್ನು ಉಸಿರಾಟದಿಂದ ಸರಿಪಡಿಸೋಕೆ ಹೋದರೆ ಆಗಲ್ಲ, ಪರಿಚಯ ಮಾಡಿಸಬೇಕು ಅಷ್ಟೇ.

ಶಟಲ್‌ನಿಂದಲೇ ಶುರು ಮಾಡೋಣ. ಗರಿ ಶಟಲ್ ಟ್ಯೂಬಿನ ಮೇಲೆ 75ರಿಂದ 79ರವರೆಗೆ ಒಂದು ಸಂಖ್ಯೆ ಇರುತ್ತೆ (ಕೆಲವು ಕಂಪನಿಗಳದ್ದು 1ರಿಂದ 5). ಸಂಖ್ಯೆ ಏರಿದಷ್ಟು ವೇಗ. ಒಂದು ಅಂಕೆ ವ್ಯತ್ಯಾಸ ಅಂದರೆ ಹತ್ತಿರ ಹತ್ತಿರ ಒಂದು ಅಡಿ ದೂರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು, ಶಟಲ್ ಮುಂದಕ್ಕೆ ಓಡುತ್ತೆ. ಅದಕ್ಕೇ ಅಲ್ಲಿ ನಿಧಾನದ ಶಟಲ್ ಬಳಸುತ್ತಾರೆ. ಮಂಗಳೂರು, ಉಡುಪಿ ಕಡೆ ವೇಗದ್ದು ಬೇಕು. ಕರಾವಳಿಯ ಹುಡುಗ ಮನೆಯಿಂದ ತಂದ ಟ್ಯೂಬಿನಲ್ಲೇ ಬೆಂಗಳೂರಿನ ಹಾಲ್‌ನ ಹಿಂಬದಿ ವಾರ್ಮ್‌ಅಪ್ ಮಾಡಿದ ಅಂದುಕೊಳ್ಳಿ. ಎಲ್ಲ ಟಾಸ್ ಔಟ್ ಹೋಗುತ್ತೆ. ಅವನು ತನಗೇ ಗೊತ್ತಿಲ್ಲದೆ ಹೊಡೆತ ಸಣ್ಣ ಮಾಡಿಕೊಳ್ಳುತ್ತಾನೆ. ಆಮೇಲೆ ಮ್ಯಾಚಿನಲ್ಲಿ ಅಂಪೈರ್ ಕೊಡುವ ನಿಧಾನದ ಶಟಲ್ ಬಂತು: ಅದೇ ಸಣ್ಣ ಹೊಡೆತಕ್ಕೆ ಟಾಸ್ ಅರ್ಧ ಕೋರ್ಟಿಗೆ ಬಿತ್ತು. ಗ್ಯಾಲರಿಯಲ್ಲಿ ಕೂತವರು "ಹುಡುಗ ಹೆದರಿದ" ಅಂತಾರೆ. ಹುಡುಗನೂ ನಂಬಿಬಿಡುತ್ತಾನೆ, ಆಮೇಲೆ ನಿಜವಾಗಿಯೂ ಹೆದರುತ್ತಾನೆ.

ಮದ್ದು ಸುಲಭ. ಟೂರ್ನಿಯ ಪ್ರಾಸ್ಪೆಕ್ಟಸ್‌ನಲ್ಲಿ ಯಾವ ಶಟಲ್ ಅಂತ ಬರೆದಿರುತ್ತಾರೆ. ಅದೇ ಕಂಪನಿಯ, ಅದೇ ದರ್ಜೆಯ ಒಂದು ಟ್ಯೂಬ್ ತಗೊಳ್ಳಿ. ವೇಗ ಎಷ್ಟು ಅಂತ ಆಯೋಜಕರಿಗೆ ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ. ಟೂರ್ನಿಗೆ ಮುಂಚಿನ ಎರಡು ವಾರ ವಾರಕ್ಕೆರಡು ದಿನ ಹೊಸ ಗರಿಯಲ್ಲೇ ಆಡಿಸಿ. ದುಬಾರಿ, ನಿಜ. ಆದರೆ ನೈಲಾನ್‌ನಲ್ಲೋ ಗರಿ ಮುರಿದ ಹಳೇ ಶಟಲ್‌ನಲ್ಲೋ ತಿಂಗಳುಗಟ್ಟಲೆ ಆಡಿ, ಹೊಸ ಶಟಲ್ ಮೊದಲ ಸಲ ಮ್ಯಾಚಿನಲ್ಲೇ ಕೈಗೆ ಸಿಗುವುದು ಇನ್ನೂ ದುಬಾರಿ.

ಎರಡನೆಯದು ಗಾಳಿ. ದೊಡ್ಡ ಒಳಾಂಗಣದಲ್ಲಿ ಬಾಗಿಲು, ಫ್ಯಾನ್, ಏಸಿಯಿಂದ ಒಂದು ಕಡೆಗೆ ತಳ್ಳು ಇರುತ್ತೆ. ಮ್ಯಾಚಿಗೆ ಮುಂಚಿನ ನಾಕಪ್‌ನ ಎರಡು ನಿಮಿಷವನ್ನು ಮಕ್ಕಳು ಸ್ಮ್ಯಾಶ್ ತೋರಿಸೋಕೆ ಹಾಳು ಮಾಡುತ್ತಾರೆ. ಬದಲಿಗೆ: ನಾಲ್ಕು ಟಾಸ್, ಎಲ್ಲಿ ಬೀಳುತ್ತೆ ನೋಡು. ನಾಲ್ಕು ಡ್ರಾಪ್ (ಹಿಂದಿನಿಂದ ಮೆತ್ತಗೆ ನೆಟ್ ಹತ್ತಿರ ಬೀಳಿಸುವ ಹೊಡೆತ). ನೆಟ್ ಬಳಿಯ ನಾಲ್ಕು ಹೊಡೆತ. ಎರಡು ಸ್ಮ್ಯಾಶ್ ಸಾಕು. ಈ ತುದಿಯಲ್ಲಿ ಟಾಸ್ ಉದ್ದ ಹೋಗುತ್ತಿದ್ದರೆ ಆ ತುದಿಯಲ್ಲಿ ಗಿಡ್ಡ ಆಗುತ್ತೆ ಅಂತ ಮೊದಲೇ ಗೊತ್ತಿರಬೇಕು. ಎರಡನೇ ಗೇಮ್‌ಗೆ ತುದಿ ಬದಲಾದಾಗ, ಮೂರನೆಯದರಲ್ಲಿ 11ಕ್ಕೆ ಬದಲಾದಾಗ, "ಇದ್ದಕ್ಕಿದ್ದ ಹಾಗೆ ಆಟ ಕೈಬಿಟ್ಟಿತು" ಅನ್ನುವುದರ ಕಾರಣ ಬಹಳ ಸಲ ಇದೇ.

ಮರದ_ರ‍್ಯಾಕೆಟ್

ಇಷ್ಟೆಲ್ಲ ಬೇಕಾ? ಪ್ರಕಾಶ್ ಪಡುಕೋಣೆ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಆಡಿ ಬೆಳೆದವರು. ಅದು ಮದುವೆ ನಡೆಯುವ ಹಾಲ್. 1980ರಲ್ಲಿ ವೆಂಬ್ಲಿಗೆ ಹೋಗಿ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಮೇಲೆ 15-3, 15-10ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಶಟಲ್ ನಂಬರ್ ನೋಡಿಕೊಂಡು ಮಕ್ಕಳಿಗೆ ನೆಪ ಕಲಿಸಬೇಡಿ.

ಬೇಸ್‌ಲೈನ್

ಸರ್, ಮದುವೆ ಹಾಲ್‌ನಿಂದ ನೇರ ವೆಂಬ್ಲಿಗೆ ಹಾರಲಿಲ್ಲವಲ್ಲ. ನಡುವೆ ಎಷ್ಟು ವರ್ಷ ರಾಷ್ಟ್ರೀಯ ಚಾಂಪಿಯನ್ ಆಗಿದ್ದರು, ಎಷ್ಟು ದೇಶದ ಹಾಲ್‌ಗಳಲ್ಲಿ ಆಡಿದ್ದರು! ಪರಿಚಯ ಅಂದದ್ದು ಅದನ್ನೇ. ನಮ್ಮ ಮಕ್ಕಳಿಗೆ ವರ್ಷಕ್ಕೆ ಸಿಗೋದು ಮೂರೋ ನಾಲ್ಕೋ ಟೂರ್ನಿ.

ಕುರ್ಚಿ_ಮೇಲಿಂದ

ಅಂಪೈರಿಂಗ್ ಕಡೆಯಿಂದ ನಾಲ್ಕು ಮಾತು. ಜಿಲ್ಲಾ ಪಂದ್ಯಗಳಲ್ಲಿ ಎಷ್ಟೋ ಕಡೆ ಸೋತವರೇ ಮುಂದಿನ ಮ್ಯಾಚಿಗೆ ಸ್ಕೋರ್ ಹೇಳುತ್ತಾರೆ, ಲೈನ್ ಮಕ್ಕಳೇ ನೋಡಿಕೊಳ್ಳುತ್ತಾರೆ. ಮೇಲಿನ ಹಂತದಲ್ಲಿ ಕುರ್ಚಿಯ ಮೇಲೆ ಅಂಪೈರ್, ಮುಖ್ಯ ಪಂದ್ಯಗಳಿಗೆ ಎದುರು ಸರ್ವಿಸ್ ಜಡ್ಜ್ (ಸರ್ವ್ ಸರಿಯಿದೆಯಾ ಅಂತ ನೋಡುವವರು), ಮೂಲೆಗಳಲ್ಲಿ ಲೈನ್ ಜಡ್ಜ್. ಎಲ್ಲ ಇಂಗ್ಲಿಷಿನಲ್ಲಿ ಕೂಗು. "ಲವ್ ಆಲ್, ಪ್ಲೇ" (0-0, ಶುರು ಮಾಡಿ) ಅಂದಾಗ ಗಾಬರಿಯಾಗಿ ನಿಂತೇ ಬಿಡುವ ಮಕ್ಕಳಿರುತ್ತಾರೆ.

ಮಕ್ಕಳಿಗೆ ಗೊತ್ತಿರಲೇಬೇಕಾದವು:

ಶಟಲ್ ಬದಲಿಸಬೇಕಿದ್ದರೆ ಎದುರಾಳಿಗೆ ತೋರಿಸಿ, ಅಂಪೈರ್ ಕಡೆ ಎತ್ತಿ ಹಿಡಿದು ಕೇಳಬೇಕು. ತಾನೇ ಹೋಗಿ ಟ್ಯೂಬ್‌ಗೆ ಕೈ ಹಾಕುವಂತಿಲ್ಲ. ಗರಿ ಬಗ್ಗಿಸಿ ವೇಗ ಬದಲಿಸುವ ಚಾಳಿ ಕ್ಲಬ್ಬಿನಲ್ಲಿ ನಡೆಯುತ್ತೆ, ಇಲ್ಲಿ ಕಾರ್ಡ್ ಬರುತ್ತೆ. ಟವೆಲ್‌ಗೆ, ನೆಲ ಒರೆಸುವುದಕ್ಕೆ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಪ್ರತಿ ಪಾಯಿಂಟಿಗೂ ಕೇಳಿದರೆ ಇಲ್ಲ. ಹಳದಿ ಕಾರ್ಡ್ ಎಚ್ಚರಿಕೆ. ಕೆಂಪು ಬಂದರೆ ಎದುರಾಳಿಗೆ ಪಾಯಿಂಟ್. ಹಳದಿ ಕಾರ್ಡ್ ಬಂದ ಕೂಡಲೇ ಅಳುವ ಮಕ್ಕಳಿಗೆ ಅದರಿಂದ ಪಾಯಿಂಟ್ ಹೋಗಲ್ಲ ಅನ್ನೋದೇ ತಿಳಿದಿರಲ್ಲ.

ಯಾವುದಾದರೂ ಗೇಮ್‌ನಲ್ಲಿ ಒಬ್ಬರು 11 ಮುಟ್ಟಿದಾಗ ವಿರಾಮ 60 ಸೆಕೆಂಡ್ ಮೀರುವಂತಿಲ್ಲ, ಗೇಮ್‌ಗಳ ನಡುವೆ 120 ಸೆಕೆಂಡ್. ಮುಗಿಯಲು 20 ಸೆಕೆಂಡ್ ಇದೆ ಅಂದಾಗ ಅಂಪೈರ್ ಕೋರ್ಟ್ ಸಂಖ್ಯೆ ಹೇಳಿ "20 ಸೆಕೆಂಡ್ಸ್" ಅಂತ ಎರಡು ಸಲ ಕೂಗುತ್ತಾರೆ. ಅಂದರೆ ಕೋಚ್‌ಗೆ 11ರ ವಿರಾಮದಲ್ಲಿ ನಿಜವಾಗಿ ಸಿಗುವುದು 40 ಸೆಕೆಂಡ್. ಅದರಲ್ಲಿ ಒಂಬತ್ತು ಸೂಚನೆ ಕೊಡುವ ಕೋಚ್‌ಗಳನ್ನು ದಿನಾ ನೋಡುತ್ತೇವೆ!

ಇನ್ನು ಸರ್ವ್. ಶಟಲ್‌ಗೆ ರ‍್ಯಾಕೆಟ್ ತಾಗುವ ಕ್ಷಣದಲ್ಲಿ ಇಡೀ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ಆತಂಕದಲ್ಲಿ ಭುಜ ಕಿವಿಯ ಕಡೆ ಏರುತ್ತೆ, ಭುಜದ ಜೊತೆ ಕೈಯೂ ಏರುತ್ತೆ. 15 ವರ್ಷದೊಳಗಿನ ಎತ್ತರದ ಹುಡುಗರಿಗೆ ಫಾಲ್ಟ್ ಬೀಳುವುದು ಹೀಗೆ. ಒಂದು ಫಾಲ್ಟ್ ಬಿದ್ದ ಮೇಲೆ ಮುಂದಿನ ಸರ್ವ್ ನೆಟ್‌ಗೆ, ಯಾಕೆಂದರೆ ಈಗ ತುಂಬಾ ಕೆಳಗಿನಿಂದ ಹೊಡೆಯುತ್ತಾನೆ. ಪ್ರಾಕ್ಟೀಸ್ ಹಾಲ್‌ನಲ್ಲಿ ಎರಡು ಕಂಬಕ್ಕೆ 1.15 ಮೀಟರ್‌ನಲ್ಲಿ ದಾರ ಕಟ್ಟಿ, ಅದರ ಪಕ್ಕ ನಿಂತು ಸರ್ವ್ ಮಾಡಿಸಿ. ನೆಟ್ ನಡುವೆ 1.524 ಮೀಟರ್ ಇರುತ್ತೆ, ಅಂದರೆ ದಾರ ನೆಟ್‌ಪಟ್ಟಿಗಿಂತ ಸುಮಾರು 37 ಸೆಂಟಿಮೀಟರ್ ಕೆಳಗೆ. ಕಣ್ಣಿಗೆ ಆ ಅಂತರ ಕೂತರೆ ಸರ್ವಿಸ್ ಜಡ್ಜ್ ಎದುರು ಕೂತಿದ್ದರೂ ಕೈ ಕದಲಲ್ಲ.

ಗ್ಯಾಲರಿ_ಮೂರನೇ_ಸಾಲು

ಇದೆಲ್ಲ ಸರಿ. ಆದರೆ ಶಟಲ್, ಗಾಳಿ, ಅಂಪೈರ್ ಎಲ್ಲ ಗೊತ್ತಿದ್ದೂ ಮಗು ಬೆಳಿಗ್ಗೆಯಿಂದ ಏನೂ ತಿನ್ನಲ್ಲ, ಐದು ಸಲ ಬಾತ್‌ರೂಮಿಗೆ ಓಡುತ್ತೆ, ಅಂಗೈ ತಣ್ಣಗೆ, ಬೆರಳು ಜುಮ್ಮೆನ್ನುತ್ತೆ. ಅದೂ ಅಪರಿಚಿತತೆಯೇ?

ಆರು_ಉಸಿರು

ಇಲ್ಲ ಮೇಡಂ, ಅದು ನಿಜವಾದ ಆತಂಕವೇ. ಅದರಲ್ಲೂ ಎರಡು ಬಗೆ: ಮೈಯ ಆತಂಕ, ಮನಸ್ಸಿನ ಆತಂಕ. ಎರಡಕ್ಕೂ ಒಂದೇ ಔಷಧಿ ಅಲ್ಲ.

ಮೈಯದ್ದು ನೀವು ಹೇಳಿದ್ದು. ಬೆರಳು ಜುಮ್ಮೆನ್ನುವುದಕ್ಕೆ ಕಾರಣ ಹೃದಯದ ತೊಂದರೆಯಲ್ಲ. ಎದೆಯ ಮೇಲ್ಭಾಗದಿಂದ ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತೆ, ಅದರಿಂದ ಜುಮ್ಮು, ತಲೆ ಹಗುರ. ಆಗ "ಡೀಪ್ ಬ್ರೆತ್ ತಗೋ" ಅನ್ನುತ್ತಾರೆ, ಮಗು ಇನ್ನೂ ಜೋರಾಗಿ ಗಾಳಿ ಎಳೆದುಕೊಳ್ಳುತ್ತೆ, ಇನ್ನೂ ಹೆಚ್ಚು ಜುಮ್ಮು! ಹೇಳಬೇಕಾದ್ದು "ಉದ್ದವಾಗಿ ಹೊರಗೆ ಬಿಡು". ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಬಾಯಿ ಸಣ್ಣ ಮಾಡಿ ಆರು ಎಣಿಸುವಷ್ಟು ಹೊರಗೆ. ಒಂದು ಉಸಿರಿಗೆ ಹತ್ತು ಸೆಕೆಂಡ್, ನಿಮಿಷಕ್ಕೆ ಆರು. ಐದು ನಿಮಿಷ ಸಾಕು. ಇದನ್ನು ಟೂರ್ನಿಯ ದಿನ ಕಲಿಸಬೇಡಿ. ಮೂರು ವಾರ ಮೊದಲಿಂದ ದಿನಾ ರಾತ್ರಿ ಮಲಗುವ ಮುಂಚೆ ಮಾಡಿಸಿ. ಅಭ್ಯಾಸವಿಲ್ಲದ ಉಸಿರಾಟವೂ ಆ ದಿನ ಇನ್ನೊಂದು ಪರೀಕ್ಷೆ ಆಗಿಬಿಡುತ್ತೆ.

ಮನಸ್ಸಿನದ್ದು "ಸೋತರೆ ಏನು, ಅಪ್ಪ ಏನಂತಾರೆ, ಎದುರಾಳಿ ಸೀಡ್ (ಆಯೋಜಕರು ಮೊದಲೇ ಬಲಶಾಲಿ ಅಂತ ಗುರುತಿಸಿದವರು)" ಅನ್ನುವ ಸರಣಿ. ಇದಕ್ಕೆ ಉಸಿರು ಅಷ್ಟಾಗಿ ನಾಟುವುದಿಲ್ಲ, ಯೋಚನೆಗೆ ಬೇರೆ ಕೆಲಸ ಕೊಡಬೇಕು. ಅದನ್ನು ಕೆಳಗೆ ಬರೆಯುತ್ತೇನೆ.

ಅದಕ್ಕೂ ಮೊದಲು ಒಂದು ತಪ್ಪು ಕಲ್ಪನೆ. ಆತಂಕ ಸೊನ್ನೆಗೆ ಇಳಿಸಬೇಕು ಅಂತ ಹೊರಡಬೇಡಿ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡು, ಭಾಷಣ, ಗಣಿತ ಪರೀಕ್ಷೆಗೆ ಮುಂಚೆ ತಮ್ಮನ್ನು ಶಾಂತ ಮಾಡಿಕೊಳ್ಳಲು ಹೊರಟವರಿಗಿಂತ "ನನಗೆ ಹುರುಪು ಬಂದಿದೆ" ಅಂತ ಹೇಳಿಕೊಂಡವರು ಚೆನ್ನಾಗಿ ಮಾಡಿದರು. ಎದೆ ಬಡಿತ ಎರಡಕ್ಕೂ ಒಂದೇ, ಹೆಸರು ಬೇರೆ. ಅವು ಆಟದ ಪ್ರಯೋಗಗಳಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಆದರೂ "ಎದೆ ಹೊಡ್ಕೋತಿದೆ" ಅಂದ ಮಗುವಿಗೆ "ಒಳ್ಳೇದು, ಮೈ ರೆಡಿ ಆಗ್ತಿದೆ" ಅಂದರೆ ಸುಳ್ಳು ಹೇಳಿದ ಹಾಗಾಗಲ್ಲ.

ಮರದ_ರ‍್ಯಾಕೆಟ್

ಆತಂಕ ಸ್ವಲ್ಪ ಇದ್ದರೆ ಒಳ್ಳೇದು, ಜಾಸ್ತಿಯಾದರೆ ಕೆಟ್ಟದ್ದು. ತಲೆಕೆಳಗಾದ ಯು ಆಕಾರದ ಗೆರೆ ಎಲ್ಲ ಕೋಚಿಂಗ್ ಕ್ಯಾಂಪಿನಲ್ಲೂ ಬೋರ್ಡ್ ಮೇಲೆ ಬರೆಯುತ್ತಾರಲ್ಲ, ಅಷ್ಟೇ ವಿಷಯ.

ಆರು_ಉಸಿರು

ಅದು ಯರ್ಕ್ಸ್ ಮತ್ತು ಡಾಡ್ಸನ್ 1908ರಲ್ಲಿ ಇಲಿಗಳಿಗೆ ವಿದ್ಯುತ್ ಶಾಕ್ ಕೊಟ್ಟು ಮಾಡಿದ ಪ್ರಯೋಗದಿಂದ ಬೆಳೆದ ಗೆರೆ. ಬೋರ್ಡ್ ಮೇಲೆ ಚೆಂದ ಕಾಣುತ್ತೆ. 18-19ರಲ್ಲಿ ಸರ್ವ್ ಮಾಡುವ ಮಗುವಿಗೆ ಏನು ಮಾಡಬೇಕು ಅಂತ ಅದು ಹೇಳಲ್ಲ.

ಮೊಣಕಾಲು

ಫಿಸಿಯೋ ದೃಷ್ಟಿಯಿಂದ ಕೈ ಬಿಗಿಯುವುದರ ಬಗ್ಗೆ. ಆತಂಕದಲ್ಲಿ ಮುಂಗೈಯ ಎರಡೂ ಕಡೆಯ ಸ್ನಾಯುಗಳು ಒಟ್ಟಿಗೆ ಬಿಗಿಯುತ್ತವೆ. ಮಣಿಕಟ್ಟು ತಿರುಗಲ್ಲ, ಬೆರಳು ಕೊನೇ ಕ್ಷಣದಲ್ಲಿ ಹಿಂಡುವುದಕ್ಕೆ ಜಾಗವೇ ಉಳಿದಿರಲ್ಲ. ಪರಿಣಾಮ ಎರಡು: ಹಿಂದಿನಿಂದ ಹೊಡೆದ ಟಾಸ್ ಗಿಡ್ಡ, ನೆಟ್ ಬಳಿಯ ಡ್ರಿಬಲ್ (ನೆಟ್ ಅಂಚಿಗೆ ಹತ್ತಿರದಲ್ಲಿ ಮೆತ್ತಗೆ ದಾಟಿಸುವ ಹೊಡೆತ) ಎತ್ತರ. ಇವೆರಡೂ ಒಟ್ಟಿಗೆ ಕಂಡರೆ ಅದು ಶಟಲ್ ವೇಗದ ಸಮಸ್ಯೆಯಲ್ಲ, ಗ್ರಿಪ್ ಸಮಸ್ಯೆ. (ಬೇಸ್‌ಲೈನ್ ಅವರು ಹೇಳಿದ ಕೇಸಿನಲ್ಲಿ ಟಾಸ್ ಮಾತ್ರ ಕೆಡುತ್ತೆ, ಡ್ರಿಬಲ್ ಸರಿ ಇರುತ್ತೆ. ಗುರುತಿಸೋಕೆ ಇದೇ ದಾರಿ.)

ಮಾಡಿಸಬೇಕಾದ್ದು: ರ‍್ಯಾಕೆಟನ್ನು ಪೂರ್ತಿ ಬಲದಿಂದ ಐದು ಸೆಕೆಂಡ್ ಹಿಂಡು, ಅದು ಹತ್ತು. ಅರ್ಧ ಬಿಡು, ಅದು ಐದು. ಇನ್ನೂ ಬಿಡು, ಜಾರಿ ಬೀಳುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸು, ಅದು ಎರಡು. ಹೊಡೆತದ ನಡುವೆ ಎರಡರಲ್ಲಿ ಇರಬೇಕು. ಹೀಗೆ ಅಂಕೆ ಕಲಿತ ಮಗುವಿಗೆ ಕೋಚ್ ಕುರ್ಚಿಯಿಂದ "ಎರಡು" ಅಂದರೆ ಸಾಕು. ಪಾಯಿಂಟುಗಳ ನಡುವೆ ರ‍್ಯಾಕೆಟನ್ನು ಇನ್ನೊಂದು ಕೈಗೆ ದಾಟಿಸಿಕೊಂಡು ಬೆರಳು ಕೊಡವುವುದೂ ಒಳ್ಳೆಯ ಅಭ್ಯಾಸ. ಬೆವರಿಗೆ ಗ್ರಿಪ್ ಜಾರುತ್ತೆ ಅಂತ ಬಿಗಿ ಹಿಡಿಯುವವರೂ ಇದ್ದಾರೆ. ಅವರಿಗೆ ಮನಶ್ಶಾಸ್ತ್ರ ಬೇಡ, ಹೊಸ ಗ್ರಿಪ್ ಸುತ್ತಿಕೊಡಿ. ಬ್ಯಾಗಿನಲ್ಲಿ ಎರಡನೇ ರ‍್ಯಾಕೆಟ್ ಇರಬೇಕು, ಅದೇ ಗಟ್ಟಿಂಗ್ (ತಂತಿ), ಅದೇ ಪೌಂಡ್ (ತಂತಿಯ ಬಿಗಿ). ಒಂದರಲ್ಲಿ 23, ಇನ್ನೊಂದರಲ್ಲಿ 26 ಇದ್ದರೆ ಗಟ್ ಹರಿದ ಕೂಡಲೇ ಆಟಗಾರನ ಟೆನ್ಶನ್ ಏರುತ್ತೆ!

ಊಟ. ಆತಂಕದಲ್ಲಿ ಹೊಟ್ಟೆ ಖಾಲಿಯಾಗುವುದು ನಿಧಾನ. ಪೂರಿ, ವಡೆ, ಬೆಣ್ಣೆ ದೋಸೆ ಅಲ್ಲೇ ಕೂತಿರುತ್ತೆ, ವಾಂತಿ ಬಂದ ಹಾಗಾಗುತ್ತೆ. ಮ್ಯಾಚಿಗೆ ಮೂರು ಗಂಟೆ ಮುಂಚೆ ಮೂರು ಇಡ್ಲಿ ಅಥವಾ ಒಂದು ಬಟ್ಟಲು ಅವಲಕ್ಕಿ. ಅದೂ ಇಳಿಯದಿದ್ದರೆ ಒತ್ತಾಯ ಬೇಡ, ಅರ್ಧ ಗಂಟೆಗೊಮ್ಮೆ ಅರ್ಧ ಬಾಳೆಹಣ್ಣು. ಬಾತ್‌ರೂಮ್ ಓಡಾಟ ತಪ್ಪಿಸೋಕೆ ನೀರು ನಿಲ್ಲಿಸುವುದು ಮಾತ್ರ ಬೇಡ, ಎರಡನೇ ಗೇಮ್‌ನಲ್ಲಿ ಕಾಲು ಹಿಡಿದುಕೊಳ್ಳುತ್ತೆ.

ಕಾಫಿ_ಡಿಕಾಕ್ಷನ್

ಮ್ಯಾಚಿಗೆ ಮುಂಚೆ ಕಾಫಿ ಕುಡಿದರೆ ಚುರುಕಾಗಲ್ವಾ? ನಿಷೇಧ ಇದೆಯಾ?

ಮೊಣಕಾಲು

ಕೆಫೀನ್ 2004ರಿಂದ ನಿಷೇಧಿತ ಪಟ್ಟಿಯಲ್ಲಿಲ್ಲ. ದೊಡ್ಡವರಲ್ಲಿ ಲಾಭ ಕಾಣುವುದು ದೇಹತೂಕದ ಕಿಲೋಗೆ 3 ಮಿಲಿಗ್ರಾಂ ಆಸುಪಾಸಿನಲ್ಲಿ. ಆದರೆ ಮೊದಲೇ ಕೈ ನಡುಗುವ ಮಗುವಿಗೆ ಅದೇ ನಡುಕ ಇಮ್ಮಡಿ. ದೇಹದಿಂದ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಸಂಜೆ ಮ್ಯಾಚಿಗೆ ಕುಡಿದರೆ ರಾತ್ರಿ ನಿದ್ದೆ ಇಲ್ಲ, ಮರುದಿನ ಬೆಳಿಗ್ಗೆ ಮತ್ತೆ ಮ್ಯಾಚ್. ಮಕ್ಕಳಿಗೆ ಬೇಡ.

ಇದಕ್ಕಿಂತ ಗಂಭೀರ ವಿಷಯ: "ನಡುಕ ನಿಲ್ಲಿಸುವ ಮಾತ್ರೆ" ಅಂತ ಪ್ರೊಪ್ರಾನೊಲಾಲ್ ಹೆಸರು ಅಲ್ಲಲ್ಲಿ ಕೇಳಿಬರುತ್ತೆ. ಬಿಲ್ಲುಗಾರಿಕೆ, ಶೂಟಿಂಗ್‌ನಲ್ಲಿ ಈ ಜಾತಿಯ ಔಷಧಿಗಳಿಗೆ ಯಾವಾಗಲೂ ನಿಷೇಧ. ಬ್ಯಾಡ್ಮಿಂಟನ್ ಆ ಪಟ್ಟಿಯಲ್ಲಿಲ್ಲ ಅಂತ ಖುಷಿಪಡಬೇಡಿ. ಹೃದಯದ ಬಡಿತವನ್ನೇ ಮೇಲೇರದಂತೆ ತಡೆಯುವ ಮಾತ್ರೆ ನುಂಗಿ 30 ಹೊಡೆತದ ರ‍್ಯಾಲಿ ಆಡೋಕೆ ಆಗಲ್ಲ. ಅಸ್ತಮಾ ಇರುವ ಮಗುವಿಗೆ ಜೀವಕ್ಕೇ ಅಪಾಯ. ವೈದ್ಯರು ಬರೆಯದೆ ಮುಟ್ಟಲೇಬಾರದು.

ತಾಲ್ಲೂಕು_ಕೋಚ್

ಆರು_ಉಸಿರು ಅವರೇ, "ಯೋಚನೆಗೆ ಬೇರೆ ಕೆಲಸ" ಅಂದಿರಿ. ಏನು ಕೆಲಸ? ಪಾಯಿಂಟುಗಳ ನಡುವೆ ಸಿಗೋದು ಹತ್ತು ಹನ್ನೆರಡು ಸೆಕೆಂಡ್.

ಆರು_ಉಸಿರು

ಆ ಹತ್ತು ಸೆಕೆಂಡನ್ನೇ ಕಟ್ಟಬೇಕು. ಟೆನಿಸ್‌ನ ಹಾಗೆ ಗಡಿಯಾರ ಇಲ್ಲಿಲ್ಲ, ಆದರೆ ಆಟ ನಿರಂತರ ನಡೆಯಬೇಕು ಅನ್ನುವುದು ನಿಯಮ, ಎಳೆದರೆ ಅಂಪೈರ್ ಕರೆಯುತ್ತಾರೆ. ಹಾಗಾಗಿ ಕ್ರಮ ಚಿಕ್ಕದಿರಲಿ.

ರ‍್ಯಾಲಿ ಮುಗಿಯಿತು. ನೆಟ್‌ಗೆ ಬೆನ್ನು ಮಾಡಿ ತಿರುಗು. ಕಣ್ಣು ಗಟ್ಟಿಂಗ್ ಮೇಲೆ, ಬೆರಳಿನಿಂದ ಎರಡು ಎಳೆ ಸರಿ ಮಾಡು. ಗ್ಯಾಲರಿ ನೋಡುವಂತಿಲ್ಲ, ಅಪ್ಪನ ಮುಖ ನೋಡುವಂತಿಲ್ಲ, ಸ್ಕೋರ್ ಬೋರ್ಡೂ ಬೇಡ, ಅಂಪೈರ್ ಹೇಗೂ ಕೂಗುತ್ತಾರೆ. ಒಂದು ಉದ್ದ ಉಸಿರು ಹೊರಗೆ, ಜೊತೆಗೆ ಭುಜ ಇಳಿಸು. ವಾಪಸ್ ತಿರುಗುವಾಗ ಒಂದೇ ತೀರ್ಮಾನ: ಸರ್ವ್ ನನ್ನದಾದರೆ ಎಲ್ಲಿಗೆ, ಅವನದಾದರೆ ಮೊದಲ ಹೊಡೆತ ಎಲ್ಲಿಗೆ. ಮೂರನೇ ಹೊಡೆತದ ಯೋಚನೆ ಬೇಡ. ಗುರುತು ಪದ ಒಂದು ಹೇಳಿಕೋ. ನಿಲ್ಲು. ಸರ್ವ್‌ಗೆ ಮುಂಚೆ ಕಣ್ಣು ಶಟಲ್‌ನ ಕಾರ್ಕ್ ಮೇಲೆ ಒಂದು ಕ್ಷಣ ನೆಡಬೇಕು. ಗುರಿಯ ಮೇಲೆ ಕೊನೇ ನೋಟ ಸ್ಥಿರವಾಗಿ ನೆಡುವುದಕ್ಕೂ ಹೊಡೆತದ ನಿಖರತೆಗೂ ಇರುವ ನಂಟನ್ನು ಜೋನ್ ವಿಕರ್ಸ್ ಬ್ಯಾಸ್ಕೆಟ್‌ಬಾಲ್‌ನ ಫ್ರೀ ಥ್ರೋ ಮುಂತಾದವುಗಳಲ್ಲಿ ತೋರಿಸಿದ್ದಾರೆ. ಆತಂಕದಲ್ಲಿ ಮೊದಲು ಚಂಚಲವಾಗುವುದು ಆ ನೋಟವೇ.

ಗುರುತು ಪದದ ಆಯ್ಕೆಯಲ್ಲಿ ಎಲ್ಲರೂ ಎಡವುತ್ತಾರೆ. "ಮೊಣಕೈ ಮೇಲೆ", "ಮಣಿಕಟ್ಟು ತಿರುಗಿಸು" ಇವು ಕಲಿಯುವಾಗಿನ ಮಾತು. ಪಳಗಿದ ಹೊಡೆತವನ್ನು ಒತ್ತಡದಲ್ಲಿ ಬಿಡಿಬಿಡಿಯಾಗಿ ಗಮನಿಸಲು ಹೋದರೆ ಅದೇ ಕೆಡುತ್ತೆ. ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಯನ್ನೂ ನೋಡಿ ನೋಡಿ ಇಟ್ಟರೆ ಮುಗ್ಗರಿಸುವ ಹಾಗೆ. ಸಿಯಾನ್ ಬೈಲಾಕ್ ಗಾಲ್ಫ್ ಪಟಿಂಗ್ (ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ) ಮೇಲೆ ಮಾಡಿದ ಕೆಲಸ ಇದನ್ನೇ ಹೇಳುತ್ತೆ. ಹಾಗಾಗಿ ಪದ ಇಡೀ ಹೊಡೆತದ ಲಯ ಹೇಳಬೇಕು: "ಹಗುರ", "ತೇಲಿಸು", "ಸುಯ್". ಮಗುವೇ ಆರಿಸಲಿ, ಮನೆಮಾತಿನಲ್ಲೇ ಇರಲಿ, ತುಳುವೋ ಉರ್ದುವೋ ಏನಾದರೂ.

ಜೊತೆಗೆ "ಹೀಗಾದರೆ ಹೀಗೆ" ಅನ್ನುವ ಮೂರು ವಾಕ್ಯ, ಚೀಟಿಯಲ್ಲಿ ಬರೆದು ಬ್ಯಾಗಿನಲ್ಲಿ. ಸತತ ಮೂರು ಪಾಯಿಂಟ್ ಹೋದರೆ: ಮೊದಲ ಹೊಡೆತ ಎತ್ತರದ ಟಾಸ್, ಹಿಂಗೆರೆಯ ನಡುಭಾಗಕ್ಕೆ, ಎದುರಾಳಿಗೆ ಕೋನ ಸಿಗದ ಹಾಗೆ. ಲೈನ್ ತೀರ್ಪು ತಪ್ಪು ಅನ್ನಿಸಿದರೆ: ಒಂದು ಸಲ ಕೇಳು, ತಿರುಗು, ಗಟ್ಟಿಂಗ್ ನೋಡು. 19-19 ಆದರೆ: ಇವತ್ತು ಅತಿ ಹೆಚ್ಚು ಸಲ ಸರಿಯಾಗಿ ಬಿದ್ದ ಸರ್ವ್ ಮಾತ್ರ, ಹೊಸದೇನೂ ಇಲ್ಲ. ಒತ್ತಡದಲ್ಲಿ ತೀರ್ಮಾನ ಮಾಡುವುದು ಕಷ್ಟ, ಮೊದಲೇ ಮಾಡಿಟ್ಟದ್ದನ್ನು ನೆನಪಿಸಿಕೊಳ್ಳುವುದು ಅಷ್ಟು ಕಷ್ಟವಲ್ಲ.

ನೆಟ್‌ಕಾರ್ಡ್

ಎಡಗೈಯಲ್ಲಿ ಚೆಂಡು ಹಿಂಡಿದರೆ ಒತ್ತಡದಲ್ಲಿ ಆಟ ಕೆಡಲ್ಲ ಅಂತ ಓದಿದ ನೆನಪು. ನಿಜವಾ?

ಆರು_ಉಸಿರು

ಜರ್ಮನಿಯ ಯೂರ್ಗನ್ ಬೆಕ್‌ಮನ್ ತಂಡ 2013ರಲ್ಲಿ ಪ್ರಕಟಿಸಿದ್ದು. ಫುಟ್‌ಬಾಲ್, ಟೇಕ್ವಾಂಡೊ, ಬ್ಯಾಡ್ಮಿಂಟನ್ ಆಟಗಾರರ ಮೇಲೆ ನೋಡಿದರು. ಬಲಗೈ ಆಟಗಾರರು ಮುಂಚೆ ಸ್ವಲ್ಪ ಹೊತ್ತು ಎಡಗೈಯಲ್ಲಿ ಮೆತ್ತನೆ ಚೆಂಡು ಹಿಂಡುವುದು, ಅಷ್ಟೇ. ಖರ್ಚಿಲ್ಲ, ಹಾನಿಯಿಲ್ಲ, ಸುತ್ತಿದ ಕಾಲುಚೀಲವೂ ಆದೀತು. ವಿರಾಮದಲ್ಲಿ ಮಾಡಲಿ. ಅದನ್ನೇ ನಂಬಿಕೊಂಡು ಉಳಿದದ್ದು ಬಿಟ್ಟರೆ ತಾಯಿತ ಕಟ್ಟಿದ ಹಾಗೇ ಆಯಿತು.

ಬೇಸ್‌ಲೈನ್

ಇದನ್ನೆಲ್ಲ ಪ್ರಾಕ್ಟೀಸಿಗೆ ಇಳಿಸುವ ಬಗೆ. ಸುಮ್ಮನೆ 0-0ಯಿಂದ ಗೇಮ್ ಆಡಿಸಿದರೆ ಕೊನೆಯ ಐದು ಪಾಯಿಂಟಿನ ಒತ್ತಡ ದಿನಕ್ಕೆ ಒಂದೋ ಎರಡೋ ಸಲ ಸಿಗುತ್ತೆ. 17-17ರಿಂದ ಶುರು ಮಾಡಿಸಿ. ಅರ್ಧ ಗಂಟೆಯಲ್ಲಿ ಐದಾರು ಅಂತಹ ಗೇಮ್ ಮುಗಿಯುತ್ತೆ. ಆಮೇಲೆ 14-18 ಹಿಂದಿನಿಂದ. ಆಮೇಲೆ 19-15 ಮುಂದಿನಿಂದ. ಇದು ಬಹಳ ಜನ ಬಿಟ್ಟೇ ಬಿಡುತ್ತಾರೆ. ಮೇಲಿನ ಮಟ್ಟದಲ್ಲಿ ಮೊದಲ ಸಲ ಗೆಲುವು ಕೈಗೆಟಕಿದಾಗ ಆಗುವ ಗಾಬರಿ ಸೋಲುವಾಗಿನದಕ್ಕಿಂತ ಜಾಸ್ತಿ.

ಸ್ವಲ್ಪ ಇಕ್ಕಟ್ಟು ಸೇರಿಸಿ. ಒಬ್ಬ ಹಿರಿಯ ಆಟಗಾರ ಕುರ್ಚಿಯಲ್ಲಿ ಕೂತು ಇಂಗ್ಲಿಷಿನಲ್ಲೇ ಸ್ಕೋರ್ ಕೂಗಲಿ, ಎರಡು ಸಲ ಬೇಕೆಂದೇ ತಪ್ಪು ಲೈನ್ ಕೊಡಲಿ. ಮೊಬೈಲ್‌ನಲ್ಲಿ ರೆಕಾರ್ಡ್ ಆಗಲಿ. ಹತ್ತು ಸರ್ವ್‌ನಲ್ಲಿ ಎಂಟು ಬೀಳದಿದ್ದರೆ ಇಡೀ ತಂಡ ನೆಟ್ ಬಿಚ್ಚಿ ಮಡಚಿಡಬೇಕು. ಬೈಗುಳ, ಬಸ್ಕಿ ಬೇಡ, ನಾಲ್ಕು ಜನ ನೋಡುತ್ತಿದ್ದಾರೆ ಅನ್ನುವ ಭಾರ ಸಾಕು. ಅಳತೆ ಮೀರಿದರೆ ಮಗು ಪ್ರಾಕ್ಟೀಸಿಗೇ ಹೆದರುತ್ತೆ.

ಇನ್ನೊಂದು, ಇದನ್ನು ಯಾರೂ ಮಾತಾಡಲ್ಲ. ಜಿಲ್ಲೆಯಲ್ಲಿ ಒಂದು ಒಳ್ಳೇ ಸ್ಮ್ಯಾಶ್ ಹೊಡೆದರೆ ಪಾಯಿಂಟ್. ರಾಜ್ಯದಲ್ಲಿ ಅದೇ ಸ್ಮ್ಯಾಶ್ ವಾಪಸ್ ಬರುತ್ತೆ. ಆಗ ಮಗು ಮುಂದಿನದನ್ನು ಇನ್ನೂ ಜೋರಾಗಿ, ಇನ್ನೂ ಗೆರೆಗೆ ಹತ್ತಿರ ಹೊಡೆಯಲು ಹೋಗಿ ಔಟ್ ಮಾಡುತ್ತೆ. ಹೊರಗಿನಿಂದ ಇದೂ ಹೆದರಿಕೆಯ ಹಾಗೇ ಕಾಣುತ್ತೆ, ಆದರೆ ಇದು ಲೆಕ್ಕ ತಪ್ಪಿದ್ದು. ಮೊದಲ ರಾಜ್ಯ ಟೂರ್ನಿಗೆ ಗುರಿ "ಗೆಲ್ಲು" ಅಂತ ಇರಬಾರದು. "11 ಮುಟ್ಟುವ ತನಕ ಔಟ್ ಮತ್ತು ನೆಟ್ ಸೇರಿ ನಾಲ್ಕು ಮೀರಬಾರದು, ಗೆರೆಯಿಂದ ಒಂದೂವರೆ ಅಡಿ ಒಳಗೇ ಗುರಿ" ಅಂತ ಇರಲಿ. ಕೋಚ್ ಕುರ್ಚಿಯಲ್ಲಿ ಕೂತು ಅದನ್ನೇ ಗೀಟು ಹಾಕಿ ಎಣಿಸಲಿ. ವಿರಾಮದ 40 ಸೆಕೆಂಡಿನಲ್ಲಿ ಹೇಳೋಕೂ ಒಂದು ಮಾತು ಸಿಗುತ್ತೆ: "ಐದಾಗಿದೆ, ಮೂರು ಬಲಗಡೆ ಔಟ್. ಒಳಗೆ ಹೊಡಿ."

ಗ್ಯಾಲರಿ_ಮೂರನೇ_ಸಾಲು

ಡ್ರಾ (ಯಾರಿಗೆ ಯಾರು ಎದುರಾಳಿ ಅನ್ನುವ ಪಟ್ಟಿ) ಬಂದ ಕೂಡಲೇ ಮಗುವಿಗೆ ತೋರಿಸಬೇಕಾ, ಮುಚ್ಚಿಡಬೇಕಾ? ನಮ್ಮ ಪಾಲಕರ ಗುಂಪಿನಲ್ಲಿ ಇದಕ್ಕೇ ದಿನಾ ಜಗಳ.

ನೆಟ್‌ಕಾರ್ಡ್

ಮುಚ್ಚಿಡಿ. ಮೊದಲ ಸುತ್ತಿಗೇ ಸೀಡ್ ಅಂತ ಗೊತ್ತಾದರೆ ಮೂರು ದಿನ ನಿದ್ದೆ ಇಲ್ಲ.

ಆರು_ಉಸಿರು

ಮುಚ್ಚಿಡೋಕೆ ಆಗಲ್ಲ, ಗೆಳೆಯರು ವಾಟ್ಸಾಪ್‌ನಲ್ಲಿ ಕಳಿಸಿರುತ್ತಾರೆ. ತೋರಿಸಿ, ಆದರೆ ಮೊದಲ ಮ್ಯಾಚ್ ಮಾತ್ರ. "ಇದು ಗೆದ್ದರೆ ಕ್ವಾರ್ಟರ್‌ನಲ್ಲಿ ಇಂಥವರು" ಅನ್ನುವ ಲೆಕ್ಕಾಚಾರವನ್ನು ದೊಡ್ಡವರು ಮಾಡಿಕೊಳ್ಳಲಿ, ಮಗುವಿನ ಎದುರು ಬೇಡ. ಎದುರಾಳಿಯ ರ‍್ಯಾಂಕ್ ಹೇಳುವ ಬದಲು ಆಟ ಹೇಳಿ: "ಎಡಗೈ ಆಟಗಾರ್ತಿ, ಬ್ಯಾಕ್‌ಹ್ಯಾಂಡ್ ಮೂಲೆಯಿಂದ ನೇರ ಡ್ರಾಪ್ ಮಾಡ್ತಾಳೆ". ರ‍್ಯಾಂಕ್ ಕೇಳಿದ ಮಗು ಅದನ್ನು ಇಟ್ಟುಕೊಂಡು ಹೆದರುವುದು ಬಿಟ್ಟು ಬೇರೇನು ಮಾಡೀತು? ಆಟ ಹೇಳಿದರೆ ಸಿದ್ಧತೆಗೆ ಹಿಡಿ ಸಿಗುತ್ತೆ.

ಪಾಲಕರಿಗೆ ಇನ್ನೆರಡು. ಮ್ಯಾಚ್ ಮುಗಿದ ಮೇಲೆ ಮೊದಲ ಅರ್ಧ ಗಂಟೆ ಆಟದ ಮಾತು ಬೇಡ, ನೀರು, ಊಟ, ಬಟ್ಟೆ ಅಷ್ಟೇ. ಗ್ಯಾಲರಿಯಿಂದ ಕೈಸನ್ನೆ ಬೇಡ. ಪಾಯಿಂಟ್ ಹೋದಾಗಲೆಲ್ಲ ಹಣೆ ಚಚ್ಚಿಕೊಳ್ಳುವ ಅಪ್ಪ ಇದ್ದರೆ ಮೇಲೆ ಹೇಳಿದ ಹತ್ತು ಸೆಕೆಂಡ್ ಕ್ರಮ ಕೆಲಸ ಮಾಡಲ್ಲ, ಮಗುವಿನ ಕಣ್ಣು ಅಲ್ಲಿಗೇ ಹೋಗುತ್ತೆ.

ಪ್ರತಿ ಟೂರ್ನಿಗೂ ವಾಂತಿ, ಎರಡು ವಾರ ಮೀರಿದ ನಿದ್ದೆಗೇಡು, ತೂಕ ಇಳಿಯುವುದು, ಇಲ್ಲದ ನೋವು ಹೇಳಿ ತಪ್ಪಿಸಿಕೊಳ್ಳುವುದು, ಇಷ್ಟದ ಆಟದ ಹೆಸರೆತ್ತಿದರೆ ಅಳು: ಇವು ಕೋಚ್ ಕೈಲಿ ಆಗುವ ಕೆಲಸವಲ್ಲ. ಮಾನಸಿಕ ಆರೋಗ್ಯ ತಜ್ಞರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ತಾಲ್ಲೂಕು_ಕೋಚ್

ಬಹಳ ಉಪಕಾರ. ಒಂದು ಉಳಿಯಿತು: ಕಾಯುವುದು. ಜಿಲ್ಲೆಯಲ್ಲಿ ಹೋದ ಕೂಡಲೇ ಮ್ಯಾಚ್. ಅಲ್ಲಿ ಬೆಳಿಗ್ಗೆ ಎಂಟಕ್ಕೆ ವರದಿ ಮಾಡಿದರೆ ಮ್ಯಾಚ್ ಮಧ್ಯಾಹ್ನ ಎರಡಕ್ಕೂ ಆಗಬಹುದು. ಮಕ್ಕಳು ಒಂಬತ್ತಕ್ಕೇ ವಾರ್ಮ್‌ಅಪ್ ಮಾಡಿ ಸುಸ್ತಾಗಿಬಿಡುತ್ತಾರೆ.

ಮೊಣಕಾಲು

ಗಡಿಯಾರ ನೋಡಬೇಡಿ, ಮ್ಯಾಚ್ ಸಂಖ್ಯೆ ನೋಡಿ. ಆ ಕೋರ್ಟಿನಲ್ಲಿ ನಿಮ್ಮದಕ್ಕಿಂತ ಎರಡು ಮ್ಯಾಚ್ ಹಿಂದಿನದು ಶುರುವಾದಾಗ ಶೂ ಲೇಸ್ ಕಟ್ಟಿ, ಬಾತ್‌ರೂಮ್ ಮುಗಿಸಿ. ಈ ವಯಸ್ಸಿನಲ್ಲಿ ಒಂದು ಮ್ಯಾಚ್ ಸಾಮಾನ್ಯವಾಗಿ 20ರಿಂದ 40 ನಿಮಿಷ. ಒಂದು ಹಿಂದಿನದರ ಮೊದಲ ಗೇಮ್ ಮುಗಿದಾಗ ನಿಜವಾದ ವಾರ್ಮ್‌ಅಪ್: ಮೂರು ನಿಮಿಷ ಸ್ಕಿಪ್ಪಿಂಗ್, ಐದು ನಿಮಿಷ ಕೈಕಾಲು ಬೀಸುವ ವ್ಯಾಯಾಮ, 20 ಸೆಕೆಂಡಿನ ಶ್ಯಾಡೋ (ಶಟಲ್ ಇಲ್ಲದೆ ಆಟದ ಹೆಜ್ಜೆ, ಹೊಡೆತ) ನಾಲ್ಕು ಸಲ, ನಡುವೆ 20 ಸೆಕೆಂಡ್ ಬಿಡುವು. ಬೆವರು ಬರಬೇಕು, ಏದುಸಿರು ಬರಬಾರದು. ಆಮೇಲೆ ಜಾಕೆಟ್ ಹಾಕಿ ಕೂರಿಸಿ. ಅವರದ್ದು ಮೂರನೇ ಗೇಮ್‌ಗೆ ಹೋದರೆ ಎರಡು ನಿಮಿಷ ಸ್ಕಿಪ್ಪಿಂಗ್ ಇನ್ನೊಮ್ಮೆ. ಅದಕ್ಕೂ ಮುಂಚಿನ ಹೊತ್ತಿನಲ್ಲಿ ಹಾಲ್‌ನಲ್ಲಿ ಕೂತು ಬೇರೆಯವರ ಮ್ಯಾಚ್ ಬಾಯಿಬಿಟ್ಟುಕೊಂಡು ನೋಡುವುದು ಬೇಡ.

ಕುರ್ಚಿ_ಮೇಲಿಂದ

ಒಂದು ತಿದ್ದುಪಡಿ. ನಿಮಗಿಂತ ಮುಂಚಿನ ಮ್ಯಾಚಿನವರು ಯಾರಾದರೂ ವಾಕ್‌ಓವರ್ ಕೊಟ್ಟರೆ (ಆಡದೆ ಮ್ಯಾಚ್ ಬಿಟ್ಟುಕೊಟ್ಟರೆ) ಸರದಿ ದಿಢೀರ್ ಮುಂದಕ್ಕೆ ಬರುತ್ತೆ, ಖಾಲಿಯಾದ ಬೇರೆ ಕೋರ್ಟಿಗೆ ಕರೆಯುವುದೂ ಉಂಟು. ಹಾಗಾಗಿ ಮಗು ಎಲ್ಲಿಯೇ ಇರಲಿ, ಮೈಕ್ ಕೇಳಿಸುವಷ್ಟು ಹತ್ತಿರ ಇರಲಿ, ಒಬ್ಬ ದೊಡ್ಡವರು ಕಂಟ್ರೋಲ್ ಟೇಬಲ್ ಪಕ್ಕವೇ ನಿಂತಿರಲಿ. ಹೆಸರು ಮೂರನೇ ಸಲ ಕೂಗುವಾಗ ಒಂದು ಶೂ ಹಾಕಿಕೊಂಡು ಓಡಿ ಬರುವ ಮಗುವಿಗೆ ಈ ಥ್ರೆಡ್ಡಿನ ಯಾವ ಸಲಹೆಯೂ ಉಪಯೋಗಕ್ಕೆ ಬರಲ್ಲ.